ಜೀವಕೋಶದ ಬಾಗಿಲಲ್ಲಿ ಕಂಡಕ್ಟರು

ಜೀವಕೋಶ ಬರಿಗಣ್ಣಿಗೆ ಕಾಣಲ್ಲ ಅಂತ ಪುಸ್ತಕದಲ್ಲಿ ಬರೆದಿದ್ದಾರೆ. ಕಣ್ಣಿಗೇ ಕಾಣದ ಆ ಪುಣ್ಯಾತ್ಮ ನಮ್ಮ ಮನೆ, ಸ್ಕೂಲು, ಬಸ್ಸು, ಬೀದಿಯಲ್ಲೆಲ್ಲ ಮಾಡಿದ ಅವಾಂತರ ಮಾತ್ರ ಊರಿಗೆಲ್ಲ ಕಂಡಿದೆ. ಆ ಪಾಠಕ್ಕೆ ಕೈ ಹಾಕಿದಾಗಿನಿಂದ ಎಡವಟ್ಟಿಲ್ಲದೆ ಒಂದು ವಾರ ಕಳೆದರೆ ನನಗೇ ಏನೋ ಮರೆತು ಬಂದಂಗೆ ಅನ್ನಿಸುತ್ತೆ.

ನಾನು ಗಣಿತದ ಟೀಚರು. ಮನೆ ಚಾಮರಾಜನಗರದಲ್ಲಿ, ಸ್ಕೂಲು ಗುಂಡ್ಲುಪೇಟೆ ರಸ್ತೆಯ ಒಂದು ಹಳ್ಳಿಯಲ್ಲಿ. ಗಣಿತದಲ್ಲಿ ಒಂದು ಸುಖ ಇದೆ ನೋಡಿ. ಎಡಗಡೆ ಇದ್ದದ್ದು ಬಲಗಡೆಗೆ ಹೋಗಬೇಕಾದ್ರೆ ಚಿಹ್ನೆ ಬದಲಾಯಿಸಿಕೊಂಡು ಮರ್ಯಾದೆಯಾಗಿ ಹೋಗುತ್ತೆ. ಯಾಕೆ ಹೋದೆ, ಶಕ್ತಿ ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ನಮ್ಮ ಜೀವಶಾಸ್ತ್ರದ ಟೀಚರು ಹೆರಿಗೆ ರಜೆಗೆ ಹೋದಾಗ ಹೆಡ್ ಮಾಸ್ಟರು ನನ್ನ ಕರೆದು, "ಮೇಡಂ, ಅದೂ ವಿಜ್ಞಾನ, ಇದೂ ವಿಜ್ಞಾನ, ಒಂಬತ್ತನೇ ಕ್ಲಾಸಿಗೆ ಜೀವಕೋಶ ಒಂದು ತಗೊಂಡುಬಿಡಿ" ಅಂದರು. ತರಕಾರಿ ಅಂಗಡೀಲಿ ಬದನೆಕಾಯಿ ಇಲ್ಲ, ಸೋರೆಕಾಯಿ ತಗೊಳ್ಳಿ ಅಂದಂಗೆ.

ಮಕ್ಕಳಿಗೆ ಅರ್ಥ ಮಾಡಿಸೋದು ಬಿಡೋದು ಹಾಗಿರಲಿ. ನಮ್ಮ ಮನೇಲಿ ನಮ್ಮತ್ತೆ ಇದ್ದಾರೆ. ಕುದೇರಿನವರು. ಸಕ್ಕರೆ ಕಾಯಿಲೆ, ಬಿಪಿ ಎರಡೂ ಉಂಟು, ಬಾಯಿ ಮಾತ್ರ ಗಟ್ಟಿಮುಟ್ಟು. ಒಂದು ದಿನ ಈ ಪಾಠವನ್ನು ಅವರಿಗೆ ಅರ್ಥ ಮಾಡಿಸದೇ ಹೋದ್ರೆ ಅವರ ಜೀವಕ್ಕೇ ಸಂಚಕಾರ ಅನ್ನೋ ಹಂಗಾಯ್ತು. ಆ ಕತೆಗೆ ಬರಬೇಕಾದ್ರೆ ಆಲೂಗಡ್ಡೆಯಿಂದ ಶುರು ಮಾಡಬೇಕು.

ಆಲೂಗಡ್ಡೆ

ನೀರು ಪೊರೆ ದಾಟಿ ಹೋಗೋದಕ್ಕೆ ಅಭಿಸರಣೆ ಅಂತಾರೆ. ಅದನ್ನ ತೋರಿಸೋಕೆ ಆಲೂಗಡ್ಡೆಯ ಸಿಪ್ಪೆ ಹೆರೆದು, ಬಟ್ಟಲಿನಂಗೆ ಕೊರೆದು, ಒಂದಕ್ಕೆ ಉಪ್ಪು ಹಾಕಿ, ಇನ್ನೊಂದನ್ನ ಖಾಲಿ ಬಿಟ್ಟು, ನೀರಿನ ತಟ್ಟೆಯಲ್ಲಿ ಇಡಬೇಕು. ಉಪ್ಪಿರೋ ಬಟ್ಟಲಿಗೆ ನೀರು ತಾನೇ ಬಂದು ತುಂಬಿಕೊಳ್ಳುತ್ತೆ. ಉಪ್ಪು ಕಮ್ಮಿ ಇರೋ ಕಡೆಯಿಂದ ಜಾಸ್ತಿ ಇರೋ ಕಡೆಗೆ ನೀರು ಹೋಗುತ್ತೆ. ಅದರ ಹಿಂದಿನ ಪುಟದಲ್ಲಿ ಎಲ್ಲವೂ ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ಹೋಗುತ್ತೆ ಅಂತಿದೆ. ಹಿಂದಿನ ರಾತ್ರಿ ಇವೆರಡನ್ನೂ ಓದಿ ಓದಿ ನನಗೆ ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದೇ ತಿಳಿಯದೆ, ಬೆಳಿಗ್ಗೆ ಬಸ್ ಸ್ಟ್ಯಾಂಡಲ್ಲಿ ಗುಂಡ್ಲುಪೇಟೆ ಬಸ್ಸು ಬಿಟ್ಟು ಮೈಸೂರು ಬಸ್ಸು ಹತ್ತಿಬಿಟ್ಟಿದ್ದೆ. ಪುಣ್ಯಕ್ಕೆ ಅದು ಹೊರಡೋಕೆ ಮುಂಚೆ ಗೊತ್ತಾಯ್ತು.

ಮಕ್ಕಳ ಕೈಲೇ ಆಲೂಗಡ್ಡೆ ಕೊರೆಸಿ, ತಟ್ಟೆಗಳನ್ನ ಸ್ಟಾಫ್ ರೂಮಿನ ಕಿಟಕಿ ಕಟ್ಟೆ ಮೇಲೆ ಇಟ್ಟು, ಹತ್ತನೇ ಕ್ಲಾಸಿಗೆ ಗಣಿತಕ್ಕೆ ಹೋದೆ. ವಾಪಸ್ ಬಂದು ನೋಡ್ತೀನಿ, ತಟ್ಟೆಗಳು ತೊಳೆದು ಬೋರಲು ಬಿದ್ದಿವೆ. ಓಡಿದೆ ಬಿಸಿಯೂಟದ ಅಡುಗೆ ಮನೆಗೆ. ಅಡುಗೆಯಮ್ಮ ಸೌಟು ಹಿಡ್ಕೊಂಡು ನಗ್ತಾ ನಿಂತಿದ್ದಾರೆ.

"ಯಾರೋ ಪುಣ್ಯಾತ್ಮರು ಸಿಪ್ಪ ಹೆರ್ದು, ಕೊರ್ದು, ಉಪ್ಪೂ ಹಾಕಿ ಮಡಗಿದ್ರು ಕಣಮ್ಮ. ನನ್ ಕಷ್ಟ ನೋಡಿ ಎಲ್ಪ್ ಮಾಡವ್ರಲ್ಲಾ ಅಂತ ಸಾಂಬಾರ್ಗ ಬುಟ್ಬುಟ್ಟೆ."

"ಅಯ್ಯೋ, ಅದು ಪ್ರಯೋಗ ಕಣಮ್ಮ!"

"ಪ್ರಯೋಗ್ವೋ ಯಾವ್ದೋ, ಚೆಂದಾಗ್ ಬೆಂದದ, ಬನ್ನಿ."

ಕೋಪಕ್ಕೆ ನಾನು ಆವತ್ತು ಸಾಂಬಾರು ಮುಟ್ಟಲಿಲ್ಲ. ಮಧ್ಯಾಹ್ನ ಕ್ಲಾಸಲ್ಲಿ ಮಕ್ಕಳನ್ನ ಕೂರಿಸಿಕೊಂಡು, "ಆಗಿದ್ದು ಆಯ್ತು, ನೋಡಿದ್ದನ್ನ ಬರೀರಿ, ಯಾಕೆ ಹಾಗಾಯ್ತು ಅಂತಾನೂ ಬರೀರಿ" ಅಂದೆ. ಕೊನೇ ಬೆಂಚಿನ ಹುಡುಗ ಎಲ್ಲರಿಗಿಂತ ಮೊದಲು ತಂದುಕೊಟ್ಟ. "ಕಿಟಕಿಯಲ್ಲಿ ಆಲೂಗಡ್ಡೆ ಜಾಸ್ತಿ ಇತ್ತು. ಸಾಂಬಾರಿನಲ್ಲಿ ಆಲೂಗಡ್ಡೆ ಕಡಿಮೆ ಇತ್ತು. ಆದ್ದರಿಂದ ಆಲೂಗಡ್ಡೆಯು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಯಿತು."

ತಪ್ಪು ಅಂತ ಹಾಕೋಕೆ ಕೆಂಪು ಪೆನ್ನು ಎತ್ತಿದೆ. ಎಲ್ಲಿ ತಪ್ಪು ಅಂತ ಹುಡುಕಿ ಹುಡುಕಿ ಸಾಕಾಗಿ ಸರಿ ಹಾಕಿದೆ.

ಮೊಟ್ಟೆ

ಸ್ಕೂಲಲ್ಲಿ ಏನಿಟ್ಟರೂ ತಿಂದುಬಿಡ್ತಾರೆ, ಮುಂದಿನ ಪ್ರಯೋಗ ಮನೇಲೇ ಮಾಡ್ಕೊಂಡು ತೋರಿಸೋಣ ಅಂತ ತೀರ್ಮಾನ ಮಾಡಿದೆ. ಮೊಟ್ಟೆಯನ್ನ ವಿನೆಗರಲ್ಲಿ ಮುಳುಗಿಸಿಟ್ಟರೆ ಚಿಪ್ಪು ಕರಗಿಹೋಗಿ ಒಳಗಿನ ತೆಳು ಪೊರೆ ಮಾತ್ರ ಉಳಿಯುತ್ತೆ. ಅದನ್ನ ನೀರಲ್ಲಿಟ್ಟರೆ ನೀರು ಎಳ್ಕೊಂಡು ಊದುತ್ತೆ. ಜೀವಕೋಶದ ಪೊರೆ ಹೇಗಿರುತ್ತೆ ಅಂತ ಮುಟ್ಟಿ ನೋಡಬಹುದು.

ತೊಡಕು ಒಂದೇ. ನಮ್ಮ ಮನೇಲಿ ಮೊಟ್ಟೆ ಹೊಸಿಲು ದಾಟೋ ಹಂಗಿಲ್ಲ, ಅತ್ತೆಯ ಕಟ್ಟಾಜ್ಞೆ. ಅದಕ್ಕೇ ಊಟದ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡು ಬಂದು ಹಿತ್ತಲಲ್ಲಿ ಒಗೆಯೋ ಕಲ್ಲಿನ ಹಿಂದೆ ಗಾಜಿನ ಬಾಟಲಿಯಲ್ಲಿ ಇಟ್ಟೆ. ಚಿಪ್ಪು ಚೆನ್ನಾಗಿ ಕರಗಿದ ಮೇಲೆ ನೀರಿಗೆ ಬದಲಾಯಿಸಿ, ಇವತ್ತೊಂದು ದಿನ ಊದಲಿ ಅಂತ ಬಿಟ್ಟು ಸ್ಕೂಲಿಗೆ ಹೋದೆ.

ಸಾಯಂಕಾಲ ಬಸ್ಸಿಳಿದು ಬರ್ತೀನಿ, ನಮ್ಮ ಮನೆ ಮುಂದೆ ಬೀದಿಗೆ ಬೀದಿಯೇ ಸೇರಿದೆ. ಒಂದು ಮೊರ, ಅದರ ತುಂಬ ಬೇವಿನ ಸೊಪ್ಪು, ಅರಿಶಿನ, ಕುಂಕುಮ. ನಡುವೆ ನನ್ನ ಮೊಟ್ಟೆ ಊದಿಕೊಂಡು ಥಳಥಳ ಅಂತ ಕೂತಿದೆ. ಪಕ್ಕದಲ್ಲಿ ಕರ್ಪೂರ ಉರೀತಿದೆ. ಅತ್ತೆ ಪೊರಕೆ ಅಡ್ಡ ಹಿಡ್ಕೊಂಡು ಯಾರೂ ಹತ್ತಿರ ಬರದಂಗೆ ಕಾಯ್ತಿದ್ದಾರೆ.

"ಬರಬ್ಯಾಡ ಕಣಮ್ಮಿ, ಅಲ್ಲೇ ನಿಂತ್ಕ! ನಮ್ ಮನಗ ಯಾರೋ ಮಾಟ ಮಾಡ್ಸವ್ರ! ಚಿಪ್ಪೇ ಇಲ್ದ ಮೊಟ್ಟ ಕಣಮ್ಮಿ, ಮುಟ್ಟುದ್ರ ಅಳ್ಳಾಡ್ತದ! ಯಾವ ಕೋಳಿನಾರ ಹಿಂಗ ಇಕ್ಕದಾ?"

ಬೀದಿಯವರೆಲ್ಲ ತಲೆ ಆಡಿಸ್ತಿದ್ದಾರೆ. ಯಾವ ಪಾಪಿ ಮಾಡಿಸಿದ್ದು ಅಂತ ಒಬ್ಬರ ಮುಖ ಒಬ್ಬರು ನೋಡ್ತಿದ್ದಾರೆ. ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಇನ್ನೇನು ಎದುರುಮನೆಯವರ ಮೇಲೆ ಗುಮಾನಿ ಬಂದು ಜಗಳ ಹತ್ತಿಕೊಳ್ಳುತ್ತೆ ಅನ್ನಿಸಿ ಜೋರಾಗಿ ಹೇಳಿಬಿಟ್ಟೆ.

"ಅತ್ತೆ, ಅದು ಯಾರೂ ಮಾಡಿಸಿದ್ದಲ್ಲ. ನಾನೇ ಮಾಡಿದ್ದು!"

ಅತ್ತೆ ಪೊರಕೆ ಇಳಿಸಿ ಒಂದು ಹೆಜ್ಜೆ ಹಿಂದೆ ಸರಿದು ಮೆಲ್ಲಗೆ ಕೇಳಿದರು, "ನೀನಾ? ಯಾರ್ ಮ್ಯಾಲ?"

ಆಮೇಲೆ ನಾನು ಅಭಿಸರಣೆ, ಪೊರೆ, ವಿನೆಗರ್ ಅಂತ ಎಷ್ಟು ವಿವರಿಸಿದರೆ ಅಷ್ಟು ಮಂತ್ರ ಹೇಳಿದಂಗೆ ಕೇಳಿಸಿರಬೇಕು, ಜನ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಕತ್ತಲಾಗೋ ಹೊತ್ತಿಗೆ ಪಕ್ಕದ ಮನೆಯಾಕೆ ಹಿತ್ತಲ ಗೋಡೆ ಹತ್ತಿರ ಬಂದು ನನ್ನ ಕೈ ಹಿಡ್ಕೊಂಡರು. ಕಣ್ಣಲ್ಲಿ ನೀರು. "ಟೀಚರೇ, ನಿಮ್ಗ ಎಲ್ಲಾ ಗೊತ್ತಾಗ್ಬುಟ್ಟದ, ಮುಚ್ಚಿಟ್ಟು ಏನ್ ಪ್ರಯೋಜನ. ನಾನ್ ಮಾಡ್ಸಿದ್ದು ಬರೀ ನಿಂಬೆಹಣ್ಣು. ಅದೂ ನಿಮ್ಗಲ್ಲ, ನಮ್ ಓರಗಿತ್ತಿಗ."

ಬಸ್ಸು

ಇಷ್ಟಾದ ಮೇಲೆ ಪ್ರಯೋಗದ ಸಹವಾಸವೇ ಬೇಡ, ಬಾಯಲ್ಲೇ ಹೇಳೋಣ ಅಂತ ಮನಸ್ಸು ಮಾಡಿದೆ. ಉದಾಹರಣೆ ಏನು ಕೊಡೋದು ಅಂತ ಯೋಚಿಸ್ತಾ ಬಸ್ ಸ್ಟ್ಯಾಂಡಲ್ಲಿ ನಿಂತಿದ್ದೆ. ಗುಂಡ್ಲುಪೇಟೆ ಬಸ್ಸು ಬಂತು. ಫ್ರೀ ಪ್ರಯಾಣದ ನಾವು ಹೆಂಗಸರೆಲ್ಲ ಒಂದೇ ಸಲ ನುಗ್ಗಿದೆವು. ಕಂಡಕ್ಟರು ಬಾಗಿಲಲ್ಲಿ ನಿಂತು ಕೆಲವರನ್ನ ಒಳಗೆ ತಳ್ಳಿ, ಕೆಲವರನ್ನ ಹೊರಗೆ ನಿಲ್ಲಿಸಿ, "ಮುಂದಕ್ಕೋಗಿ, ಮುಂದಕ್ಕೋಗಿ" ಅಂತ ಕೂಗ್ತಿದ್ದರು. ಆಹಾ, ಇದೇ ಅಲ್ವಾ ಕೋಶದ ಪೊರೆ! ನಾನು ಖುಷಿಯಲ್ಲಿ ಜೋರಾಗಿ ನಕ್ಕೆ. ಪಕ್ಕದಲ್ಲಿ ನಿಂತಿದ್ದಾಕೆ ಬುಟ್ಟಿ ಎತ್ತಿಕೊಂಡು ದೂರ ಸರಿದರು.

ಕ್ಲಾಸಲ್ಲಿ ಹೇಳಿದೆ, "ಬಸ್ಸೇ ಜೀವಕೋಶ. ಬಸ್ಸಿನ ತಗಡೇ ಪೊರೆ. ನೀರು, ಆಮ್ಲಜನಕ ಎಲ್ಲ ಖರ್ಚಿಲ್ಲದೆ ಒಳಗೆ ಹೋಗ್ತವೆ, ಹೆಂಗಸರ ಥರ. ಪೊಟ್ಯಾಸಿಯಂ ಥರ ಕೆಲವಕ್ಕೆ ಒಳಗೆ ಹೋಗಬೇಕಾದ್ರೆ ಶಕ್ತಿ ಖರ್ಚಾಗುತ್ತೆ, ಗಂಡಸರು ಟಿಕೆಟ್ ತಗೊಂಡಂಗೆ. ಆ ಟಿಕೆಟ್ಟೇ ಎಟಿಪಿ ಅನ್ನೋ ಶಕ್ತಿ. ಬಾಗಿಲಲ್ಲಿ ನಿಂತು ಯಾರನ್ನ ಬಿಡಬೇಕು, ಯಾರನ್ನ ಬಿಡಬಾರದು ಅಂತ ನೋಡೋ ಕಂಡಕ್ಟರು ಇದಾನಲ್ಲ, ಅವನು ಒಂದು ಪ್ರೋಟೀನು."

ಮಕ್ಕಳ ಮುಖ ಅರಳಿತು. ಮೊದಲ ಸಲ ಎಲ್ಲರೂ ಕೈ ಎತ್ತಿದರು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು, "ಮಿಸ್, ಆಮ್ಲಜನಕ ಆಧಾರ್ ಕಾರ್ಡ್ ತೋರಿಸ್ಬೇಕಾ?"

ಕೊನೇ ಬೆಂಚಿನ ಹುಡುಗ ಎದ್ದ. "ಮಿಸ್, ನಮ್ ಕಡೆ ಟೊಮೇಟೊ ಜಾಸ್ತಿ, ಕೇರಳದಲ್ಲಿ ಕಮ್ಮಿ. ಅದುಕ್ಕೇ ಇಲ್ಲಿಂದ ಅಲ್ಲಿಗ್ ಓಯ್ತದ. ಅದು ಖರ್ಚಿಲ್ದೇ ಓಗೋ ಲೆಕ್ಕ ಅಲ್ವಾ?"

"ಲಾರಿಗೆ ಡೀಸೆಲ್ ನಿಮ್ಮಪ್ಪ ಹಾಕ್ಸ್ತಾನೇನ್ಲಾ? ಖರ್ಚಾಯ್ತದ ಕಣ್ಲಾ!" ಅಂದ ಇನ್ನೊಬ್ಬ.

ಇಡೀ ಕ್ಲಾಸು ಎರಡು ಪಂಗಡ ಆಯ್ತು. ತೀರ್ಪು ಹೇಳಿ ಮಿಸ್ ಅಂತ ನನ್ನ ಮುಖ ನೋಡಿದರು. ಟೊಮೇಟೊ ಖರ್ಚಿಲ್ಲದೇ ಹೋಗುತ್ತೋ ಖರ್ಚು ಮಾಡ್ಕೊಂಡು ಹೋಗುತ್ತೋ ಅಂತ ಯೋಚಿಸಿ ಯೋಚಿಸಿ ನನಗೇ ತಲೆ ತಿರುಗಿ, ಬೆಲ್ ಆಗೋವರೆಗೂ ಬೋರ್ಡ್ ಒರೆಸ್ತಾ ನಿಂತೆ.

ಟೆಸ್ಟ್ ಕೊಟ್ಟೆ. "ಆಮ್ಲಜನಕವು ಹೆಂಗಸು. ಪೊಟ್ಯಾಸಿಯಂ ಗಂಡಸು" ಅಂತ ಒಬ್ಬಳು. "ಕೋಶಪೊರೆಯ ಕೆಲಸವೇನು?" ಅಂದರೆ, "ಮುಂದಕ್ಕೆ ಹೋಗಿ ಮುಂದಕ್ಕೆ ಹೋಗಿ ಎಂದು ಕೂಗುವುದು" ಅಂತ ಇನ್ನೊಬ್ಬ. "ಎಟಿಪಿ ಇಲ್ಲದಿದ್ದರೆ ಏನಾಗುತ್ತದೆ?" ಅಂದರೆ, "ಚೆಕಿಂಗಿನವರು ತೆರಕಣಾಂಬಿಯಲ್ಲಿ ಇಳಿಸುತ್ತಾರೆ."

ಇದಾದ ಒಂದು ವಾರಕ್ಕೆ ಬಸ್ಸಲ್ಲಿ ಕಂಡಕ್ಟರು ನನ್ನ ಸೀಟಿನ ಹತ್ತಿರ ಬಂದು, ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಕೇಳಿದರು. ಮನುಷ್ಯ ಸ್ವಲ್ಪ ಬಡಕಲು. "ಟೀಚರಮ್ಮ, ನಾನು ತೆಳ್ಳಗಿರೋದು ನಿಜ, ಇಲ್ಲ ಅನ್ನಲ್ಲ. ಅದುಕ್ಕೆ ನಿಮ್ ಸ್ಕೂಲ್ ಮಕ್ಳು ದಿನಾ 'ಪ್ರೋಟೀನ್ ಸಾರ್, ಪ್ರೋಟೀನ್ ಸಾರ್' ಅಂತ ಆಡ್ಕೊಳ್ಳದಾ?"

ತ್ರೀ ಫೇಸು

ಅಷ್ಟರಲ್ಲಿ ದೊಡ್ಡ ಅಧಿಕಾರಿಗಳು ಸ್ಕೂಲು ನೋಡೋಕೆ ಬಂದರು. ಹೆಡ್ ಮಾಸ್ಟರಿಗೆ ನನ್ನ ಮೇಲೆ ಅದೇನು ಪ್ರೀತಿಯೋ, ನೇರವಾಗಿ ನನ್ನ ಜೀವಶಾಸ್ತ್ರದ ಕ್ಲಾಸಿಗೇ ಕರ್ಕೊಂಡು ಬಂದರು. ಅಧಿಕಾರಿಗಳು ಹಿಂದೆ ಇತಿಹಾಸದ ಮೇಷ್ಟ್ರಾಗಿದ್ದವರು. ಕುರ್ಚಿಯಲ್ಲಿ ಕೂತು, "ನಡೆಸಿ ಮೇಡಂ" ಅಂದರು.

ಆವತ್ತು ಮೈಟೋಕಾಂಡ್ರಿಯಾ. ಊಟದಲ್ಲಿ ಬಂದ ಸಕ್ಕರೆಯನ್ನ ಆಮ್ಲಜನಕದ ಜೊತೆ ಸೇರಿಸಿ ಕೋಶಕ್ಕೆ ಬೇಕಾದ ಶಕ್ತಿ ತಯಾರು ಮಾಡೋದು ಅದೇ. "ಇದು ಕೋಶದ ಪವರ್ ಹೌಸು. ಇಲ್ಲಿಂದ ಬರೋ ಶಕ್ತಿಯಲ್ಲೇ ಪೊರೆಯಲ್ಲಿರೋ, ಸೋಡಿಯಂ ಹೊರಗೆ ಹಾಕೋ ಪಂಪು ಓಡುತ್ತೆ" ಅಂದೆ. ಅರಿಶಿನದ ಹೊಲಕ್ಕೆ ನೀರು ಕಟ್ಟೋ ಮನೆ ಮಕ್ಕಳಿಗೆ ಪಂಪು ಅಂದ್ರೆ ಸಾಕು.

"ಮಿಸ್, ಎಷ್ಟು ಎಚ್ ಪಿ?"

"ಮಿಸ್, ಸಿಂಗಲ್ ಫೇಸಾ, ತ್ರೀ ಫೇಸಾ?"

"ಹಗಲ್ ಪಾಳಿನಾ, ರಾತ್ರಿ ಪಾಳಿನಾ ಮಿಸ್?"

ನಾನು ಬೆವೆತು ಹೋದೆ. ಅಧಿಕಾರಿಗಳು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿ, ಕೊನೇ ಬೆಂಚಿನ ಹುಡುಗನ್ನೇ ಎಬ್ಬಿಸಿದರು. "ಎಲ್ಲಿ ನೀನು ಹೇಳಪ್ಪ, ಈ ಮೈಟೋಕಾಂಡ್ರಿಯಾ ಕೆಲಸ ನಿಲ್ಲಿಸಿಬಿಟ್ಟರೆ ಏನಾಗುತ್ತೆ?"

"ಲೈನ್‌ಮ್ಯಾನ್‌ಗೆ ಫೋನ್ ಮಾಡ್ಬೇಕು ಸಾರ್."

ಹೆಡ್ ಮಾಸ್ಟರು ಕಣ್ಣು ಮುಚ್ಚಿಕೊಂಡರು. ನಾನು ನೆಲ ನೋಡಿದೆ. ಅಧಿಕಾರಿಗಳು ಗಂಭೀರವಾಗಿ ತಲೆ ಅಲ್ಲಾಡಿಸಿದರು.

"ಅವನೆಲ್ಲಿ ಫೋನ್ ಎತ್ತುತಾನಪ್ಪ?"

ಅತ್ತೆಯ ಸಕ್ಕರೆ

ಈ ನಡುವೆ ಅತ್ತೆಗೆ ಸುಸ್ತು ಜಾಸ್ತಿ ಆಯ್ತು. ನಮ್ಮ ಬೀದಿ ತುದೀಲಿರೋ ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ರಕ್ತ ನೋಡಿ, "ಸಕ್ಕರೆ ತುಂಬ ಏರಿದೆ ಅಜ್ಜಿ, ಅದಕ್ಕೇ ಸುಸ್ತು" ಅಂದರು.

ಮನೆಗೆ ಬಂದ ಮೇಲೆ ಅತ್ತೆ ನನ್ನ ಹಿಡ್ಕೊಂಡರು. "ಸಕ್ಕರಲಿ ಶಕ್ತಿ ಅದ ಅಂತ ಮಕ್ಳಿಗ ಪಾಠ ಮಾಡ್ತೀಯ. ನನ್ನ ಮೈ ತುಂಬ ಸಕ್ಕರೆ ಅದ ಅಂತಾರ. ಹಂಗಾದ್ರ ಸುಸ್ತು ಯಾಕಮ್ಮಿ?"

ಒಳ್ಳೇ ಪ್ರಶ್ನೆ. ಮತ್ತೆ ಬಸ್ಸೇ ಗತಿ. "ಅತ್ತೆ, ಸಕ್ಕರೆ ರಕ್ತದಲ್ಲಿದೆ, ಆದ್ರೆ ಕೋಶದೊಳಗೆ ಹೋಗ್ತಿಲ್ಲ. ಬಸ್ ಸ್ಟ್ಯಾಂಡ್ ತುಂಬ ಜನ ನಿಂತಿದ್ದಾರೆ. ಬಸ್ಸುಗಳೂ ಇದಾವೆ, ಖಾಲಿ ಹೊಡೀತಿದಾವೆ. ಕಂಡಕ್ಟರು ಬಾಗಿಲು ತೆಗೀತಿಲ್ಲ. ತೆಗೆಯಪ್ಪಾ ಅಂತ ಅವನಿಗೆ ಹೇಳೋ ಇನ್ಸುಲಿನ್ ಮಾತು ಅವನು ಕೇಳ್ತಿಲ್ಲ."

ಅತ್ತೆ ಕಣ್ಣು ಕಿರಿದು ಮಾಡಿಕೊಂಡು ಕೇಳಿದರು. "ಅಂದ್ರ ಸಕ್ಕರೆ ಇನ್ನೂ ಒಳಕ್ಕೇ ಓಗಿಲ್ಲ?"

"ಇಲ್ಲ ಅತ್ತೆ."

"ಈಚೇಲೇ ನಿಂತದ?"

"ಹೂಂ ಅತ್ತೆ. ನೋಡಿ, ಎಷ್ಟು ಬೇಗ ಅರ್ಥ ಆಯ್ತು ನಿಮಗೆ!"

ನಾನು ಹೆಮ್ಮೆಯಿಂದ ಅಡುಗೆ ಮನೆಗೆ ಹೋದೆ. ವಾಪಸ್ ಬರೋ ಹೊತ್ತಿಗೆ ಅತ್ತೆ ಮೈಸೂರು ಪಾಕಿನ ಡಬ್ಬಿ ತೆಗೆದು ಎರಡನೇ ತುಂಡು ಬಾಯಿಗೆ ಹಾಕ್ಕೊಂಡಿದ್ದರು. ನಾನು ಕಿರುಚಿದೆ. ಅವರು ನಿಧಾನವಾಗಿ ಅಗೀತಾ ಹೇಳಿದರು, "ಯಾಕ್ ಬಡ್ಕತೀಯೆ? ಒಳಕ್ಕೇ ಓಗಲ್ಲ ಅಂದ್ಮ್ಯಾಲ ತಿಂದಂಗ ಎಂಗಾಯ್ತದ?"

ಜೋಡಿ ಬಾಗಿಲು

ಒಂದು ಶನಿವಾರ ಉಮ್ಮತ್ತೂರಿನ ನೆಂಟರ ಮನೇಲಿ ಬೀಗರ ಔತಣ. ಅತ್ತೆ ಏನೇನು ತಿಂದರೋ ಆ ದೇವರಿಗೇ ಗೊತ್ತು. ಮಾರನೇ ದಿನ ಬೆಳಿಗ್ಗೆಯಿಂದ ಹಿತ್ತಲಿಗೂ ಮಂಚಕ್ಕೂ ಓಡಾಡಿ ಓಡಾಡಿ ನಿತ್ರಾಣ ಆಗಿಹೋದರು. ನಮ್ಮನೆಯವರು ಆಫೀಸಿನ ಕೆಲಸಕ್ಕೆ ಮೈಸೂರಿಗೆ ಹೋಗಿದ್ದರು. ಭಾನುವಾರ ಬೇರೆ, ಡಾಕ್ಟರಿಗೆ ಫೋನ್ ಮಾಡಿದೆ.

"ಓಆರ್‌ಎಸ್ ಕೊಡಿ. ಗುಟುಕು ಗುಟುಕಾಗಿ ಕೊಡ್ತಾನೇ ಇರಿ. ವಯಸ್ಸಾದವರು, ಸಕ್ಕರೆ ಕಾಯಿಲೆ ಬೇರೆ, ಮೈಯಲ್ಲಿ ನೀರು ನಿಲ್ಲಲಿಲ್ಲ ಅಂದ್ರೆ ಜೀವಕ್ಕೇ ಕಷ್ಟ. ಸಾಯಂಕಾಲ ಕ್ಲಿನಿಕ್ಕಿಗೆ ಬರ್ತೀನಿ, ತೋರಿಸಿ. ಆದ್ರೆ ಒಂದು ನೆನಪಿಟ್ಕೊಳ್ಳಿ ಟೀಚರೇ, ಮಾತು ಅಡ್ಡಾದಿಡ್ಡಿ ಆದ್ರೆ, ಸಂಬಂಧ ಇಲ್ದೆ ಬಡಬಡಿಸಿದ್ರೆ, ತಡ ಮಾಡ್ಬೇಡಿ. ಅಡ್ಮಿಟ್ ಮಾಡ್ಲೇಬೇಕಾಗುತ್ತೆ."

ಪೊಟ್ಟಣ ತಂದು ನೀರಲ್ಲಿ ಕಲಸಿ ಲೋಟ ಹಿಡಿದೆ. ಅತ್ತೆ ಒಂದು ಗುಟುಕು ಬಾಯಿಗೆ ಹಾಕ್ಕೊಂಡು ಥೂ ಅಂದರು.

"ಏನದು?"

"ಉಪ್ಪು, ಸಕ್ಕರೆ, ನೀರು ಅತ್ತೆ."

ಅಷ್ಟು ನಿತ್ರಾಣದಲ್ಲೂ ಎದ್ದು ಕೂತರು. "ಬಿಪಿ ಅಂತ ಉಪ್ಪಿನಕಾಯಿ ಜಾಡಿನ ಅಟ್ಟಕ್ಕ ಏರಿಸ್ದೆ. ಸಕ್ಕರೆ ಡಬ್ಬಿನ ಬೀರುಲಿ ಮಡಗಿ ನನ್ ಕಾಫಿನ ಕಷಾಯ ಮಾಡ್ದೆ. ಈಗ ನಾನು ಏಳಕ್ಕಾಗ್ದೆ ಬಿದ್ದಿರೋವಾಗ ಎರಡ್ನೂ ಒಟ್ಗ ಕಲಸ್ಕೊಂಡು ಬಂದಿದ್ದೀಯ? ಮೊಟ್ಟ ಚಿಪ್ಪು ಕರಗಿಸ್ದೋಳು ಕಣಮ್ಮಿ ನೀನು, ನನ್ನೂ ಕರಗಿಸ್ಬುಡಕ್ಕ ನೋಡ್ತಿದ್ದೀಯ!"

ವಿಷಯ ತಿಳ್ಕೊಳ್ಳೋಕೆ ಬಂದಿದ್ದ ಪಕ್ಕದ ಮನೆಯಾಕೆ, ಅದೇ ನಿಂಬೆಹಣ್ಣಿನಾಕೆ, ಬಾಗಿಲಲ್ಲೇ ನಿಂತು ಒಗ್ಗರಣೆ ಹಾಕಿದರು. "ಹೂಂ ಕಣ್ರವ್ವ, ಎರಡೂ ಬ್ಯಾಡ ಅಂತ ಡಾಕ್ಟ್ರೇ ಅಂದಿದ್ರಲ್ವಾ?"

ಬರೀ ನೀರಾದ್ರೂ ಕುಡೀರಿ ಅಂದೆ. ಕುಡಿದರು. ಕುಡಿದಷ್ಟೇ ಬೇಗ ಹಿತ್ತಲಿಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಗುಳಿಬಿದ್ದವು, ನಾಲಿಗೆ ಒಣಗಿತು. ಕೈಮೇಲಿನ ಚರ್ಮ ಮೆಲ್ಲಗೆ ಹಿಡಿದು ಬಿಟ್ಟೆ, ಎತ್ತಿದ್ದು ಎತ್ತಿದಂಗೇ ನಿಂತಿತು. ನಾವಿಬ್ಬರೂ ಜಗಳ ಆಡದೇ ಇರೋ ದಿನ ಇಲ್ಲ ಅನ್ನಿ. ಆದ್ರೂ ಸ್ಕೂಲಿಂದ ಬಂದಾಗ ಜಗಲಿ ಮೇಲೆ ಕೂತು, "ಬಂದ್ಯಾ, ಇಷ್ಟೊತ್ತಾ?" ಅಂತ ಬೈಯೋಕೆ ಅಂತ ಒಬ್ಬರು ಇರೋದು ಅವರೇ. ಆ ಜಗಲಿ ಖಾಲಿ ಇದ್ದರೆ ಹೆಂಗಿರುತ್ತೆ ಅಂತ ಯೋಚನೆ ಬಂದು ಅಳು ಉಕ್ಕಿತು. ಕಣ್ಣೊರೆಸಿಕೊಂಡು ಮಂಚದ ಮೇಲೆ ಕೂತೆ.

"ಅತ್ತೆ, ಕೇಳಿ. ನಿಮ್ಮ ಕರುಳಲ್ಲಿ ಒಂದು ಬಸ್ಸು ನಿಂತಿದೆ."

ಅತ್ತೆ ಒಂದು ಕಣ್ಣು ತೆಗೆದರು. "ಎಲ್ಲಿಗ್ ಓಗೋದು?"

"ಎಲ್ಲಿಗೂ ಹೋಗಲ್ಲ, ನಿಂತೇ ಇರುತ್ತೆ."

"ಕೆಟ್ಟೋಗದಾ?"

"ಕೆಟ್ಟಿಲ್ಲ ಅತ್ತೆ, ಸುಮ್ನೆ ಕೇಳಿ! ಆ ಬಸ್ಸಿಗೆ ಒಂದು ವಿಶೇಷ ಬಾಗಿಲಿದೆ. ಒಬ್ಬೊಬ್ಬರೇ ಬಂದ್ರೆ ಕಂಡಕ್ಟರು ಹತ್ತಿಸಲ್ಲ. ಗಂಡ ಹೆಂಡ್ತಿ ಜೋಡಿಯಾಗಿ ಕೈ ಹಿಡ್ಕೊಂಡು ಬರಬೇಕು. ಉಪ್ಪು ಗಂಡ, ಸಕ್ಕರೆ ಹೆಂಡ್ತಿ. ಅವರಿಬ್ಬರು ಹತ್ತಿದ್ರೆ, ನೆಂಟರೆಲ್ಲ ಅವರ ಹಿಂದೇನೇ ದಬದಬ ಅಂತ ಹತ್ತುತಾರೆ. ಆ ನೆಂಟರೇ ನೀರು."

ಅತ್ತೆ ಸೂರು ನೋಡ್ತಾ ಮಲಗಿದರು. ಪಕ್ಕದ ಮನೆಯಾಕೆ ಹತ್ತಿರ ಬಂದು ಮಂಚದ ಕಾಲ ಹತ್ತಿರ ಕುಕ್ಕುರುಗಾಲಲ್ಲಿ ಕೂತರು.

"ಟಿಕೀಟು?" ಅಂದರು ಅತ್ತೆ.

"ಹೆಂಡ್ತಿಗೆ ಫ್ರೀ. ಗಂಡಂದು ಮಾತ್ರ."

"ಅದು ನ್ಯಾಯ." ಮತ್ತೆ ಯೋಚನೆ. "ಅಂದ್ರ ಬರೀ ನೀರು ಕುಡುದ್ರ, ಗಂಡೂ ಇಲ್ದೆ ಹೆಣ್ಣೂ ಇಲ್ದೆ ಬರೀ ನೆಂಟ್ರೇ ಬಂದಂಗಾಯ್ತು. ಕಂಡಕ್ಟ್ರು ಹತ್ತುಸ್ನಿಲ್ಲ. ವಾಪಸ್ ಓದ್ರು."

"ಹೂಂ ಅತ್ತೆ, ಅದೇ!"

ಅತ್ತೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಎಂಥ ಸಂಕಟ! "ಅಲ್ಲಾ ಕಣಮ್ಮಿ, ಇಂಥ ಗಂಡ ಹೆಂಡ್ತಿನ ಇಷ್ಟು ವರ್ಷದಿಂದ ಒಬ್ಬನ್ನ ಅಟ್ಟದ ಮ್ಯಾಲ, ಒಬ್ಬಳ್ನ ಬೀರುಲಿ ಬ್ಯಾರೆಬ್ಯಾರೆ ಮಡಗಿದ್ದೀಯಲ್ಲ, ನಿಂಗ ಪಾಪ ಸುತ್ಕೊಳ್ಳಲ್ವಾ? ಕೊಡಿತ್ತಾಗ!"

ಕುಡಿದರು. ಗುಟುಕು ಗುಟುಕಾಗಿ ಪೂರ್ತಿ ಲೋಟ. ಒಂದೊಂದು ಗುಟುಕಿಗೂ "ಹತ್ತಿ, ಹತ್ತಿ, ಮುಂದಕ್ಕೋಗಿ" ಅಂತ ಹೊಟ್ಟೆ ಸವರಿಕೊಂಡರು. ಪಕ್ಕದ ಮನೆಯಾಕೆ ನಂಗೂ ಒಂಚೂರು ಕೊಡಿ, ನಮ್ಮನೆಯವ್ರಿಗೂ ನಂಗೂ ಮಾತಿಲ್ಲ ಅಂತ ಒಂದು ಲೋಟ ಇಸ್ಕೊಂಡು ಹೋದರು. ಸಾಯಂಕಾಲದ ಹೊತ್ತಿಗೆ ಅತ್ತೆಯ ನಾಲಿಗೆ ಒದ್ದೆ ಆಯ್ತು, ಕಣ್ಣಿಗೆ ಕಳೆ ಬಂತು, ನನಗೆ ಎರಡು ಸಲ ಬೈದರು. ದೇವರೇ, ಬದುಕಿದೆ ಅಂದುಕೊಂಡು ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ.

ಡಾಕ್ಟರು ನಾಡಿ ಹಿಡಿದು ನಗ್ತಾ ಕೇಳಿದರು, "ಹೇಗಿದ್ದೀರಿ ಅಜ್ಜಿ?"

"ಬಸ್ಸು ತುಂಬ್ತು ಡಾಕ್ಟ್ರೇ."

ಡಾಕ್ಟರ ನಗು ನಿಂತಿತು. "ಯಾವ ಬಸ್ಸು ಅಜ್ಜಿ?"

"ನನ್ನೊಟ್ಟ ಒಳಗ ನಿಂತದಲ್ಲ, ಅದು. ಮೊದ್ಲು ಬರೀ ನೆಂಟ್ರು ಬಂದ್ರು, ಕಂಡಕ್ಟ್ರು ಹತ್ತುಸ್ನಿಲ್ಲ. ಆಮ್ಯಾಲ ಗಂಡ ಅಟ್ಟದಿಂದ, ಹೆಂಡ್ತಿ ಬೀರುವಿಂದ ಇಳ್ಕೊಂಡು ಬಂದ್ರು ನೋಡಿ, ಎಲ್ರೂ ಹತ್ಕೊಂಡ್ರು."

ಡಾಕ್ಟರು ನನ್ನ ಕಡೆ ಒಂದು ಸಲ ನೋಡಿ, ಟಾರ್ಚು ತೆಗೆದು ಅತ್ತೆಯ ಕಣ್ಣಿಗೆ ಬಿಟ್ಟರು. "ಅಜ್ಜಿ, ಇವತ್ತು ಯಾವ ವಾರ ಹೇಳಿ?"

"ನನ್ನ ಯಾಕ್ ಕೇಳ್ತೀರಿ? ಕಂಡಕ್ಟ್ರನ್ನ ಕೇಳಿ. ಅವ್ನ ಎಸ್ರು ಪ್ರೋಟೀನು."

"ಸಿಸ್ಟರ್," ಅಂತ ಡಾಕ್ಟರು ಒಳಗೆ ಕೂಗಿದರು, "ಒಂದು ಬೆಡ್ ರೆಡಿ ಮಾಡಿ. ಡ್ರಿಪ್ ಹಾಕ್ಬೇಕು. ಪೇಷೆಂಟ್ ಏನೇನೋ ಮಾತಾಡ್ತಿದ್ದಾರೆ."

ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಅತ್ತೆಯನ್ನ ಮಾತಿನ ದೆಸೆಯಿಂದ ಆಸ್ಪತ್ರೆಗೆ ಸೇರಿಸಿಬಿಡ್ತಾರಲ್ಲ! ಎದ್ದು ನಿಂತು ಅಡ್ಡ ಬಂದೆ. "ಬೇಡ ಡಾಕ್ಟ್ರೇ, ಬೇಡ! ಅತ್ತೆಗೆ ಏನೂ ಆಗಿಲ್ಲ. ಅವರು ಹೇಳ್ತಿರೋದೆಲ್ಲ ನಿಜ. ಬಸ್ಸು ಇದೆ. ನಾನೇ ನಿಲ್ಲಿಸಿದ್ದು. ಉಪ್ಪು ಗಂಡಸು, ಅವನು ಟಿಕೆಟ್ ತಗೋಬೇಕು. ಆಮ್ಲಜನಕ ಹೆಂಗಸು, ಆಧಾರ್ ಕಾರ್ಡೂ ಬೇಕಾಗಿಲ್ಲ. ಟೊಮೇಟೊ ವಿಷಯ ಒಂದು ಇನ್ನೂ ತೀರ್ಮಾನ ಆಗಿಲ್ಲ, ಮಿಕ್ಕಿದ್ದೆಲ್ಲ ಸರಿಯಾಗಿದೆ!"

ಡಾಕ್ಟರ ಕೈಲಿದ್ದ ಟಾರ್ಚು ಮೆಲ್ಲಗೆ ಅತ್ತೆಯ ಕಣ್ಣಿಂದ ನನ್ನ ಕಣ್ಣಿಗೆ ತಿರುಗಿತು.

"ಟೀಚರೇ," ಅಂದರು ತುಂಬ ಮೃದುವಾಗಿ, "ನೀವು ಸ್ವಲ್ಪ ಕೂತ್ಕೊಳ್ಳಿ. ಗಾಬರಿ ಆಗಬೇಡಿ. ಇವತ್ತು ಯಾವ ವಾರ?"

ಬೆಳಗಿಂದ ಊಟ ಇಲ್ಲ, ಭಯ ಬೇರೆ, ಕಣ್ಣಿಗೆ ಬೆಳಕು ಬೇರೆ. ಎಷ್ಟು ಯೋಚಿಸಿದರೂ ಹೊಳೀಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ, "ಮಂಗಳವಾರ."

ಅತ್ತೆ ಲೊಚಗುಟ್ಟಿದರು. ಸೆರಗು ಸರಿ ಮಾಡಿಕೊಂಡು, ಕುರ್ಚಿ ಹಿಡಿದು ತಾವೇ ಎದ್ದು ನಿಂತರು.

"ಭಾನುವಾರ ಕಣಮ್ಮಿ," ಅಂದವರು ಡಾಕ್ಟರ ಕಡೆ ತಿರುಗಿದರು. "ಆ ಬೆಡ್ಡು ದಂಡ ಮಾಡ್ಬ್ಯಾಡಿ ಡಾಕ್ಟ್ರೇ, ಇವಳ್ನ ಮಲಗ್ಸಿ. ನಾನ್ ಮನಗ್ ಓಯ್ತಿನಿ."